ಆ ಫಾರ್ಮ್ ತುಂಬುವ ಮುಂಚೆ

ಚಿ. ಪುಟ್ಟಿಗೆ,

ಆನ್‌ಲೈನ್ ಪಾಠ ತೃಪ್ತಿ ಕೊಟ್ಟಿತೋ, ಕ್ಲಾಸಿನ ಪಾಠವೋ ಅಂತ ನಿಮ್ಮ ಫಾರ್ಮಸಿ ಕಾಲೇಜಿನವರು ಫಾರ್ಮ್ ಕೊಟ್ಟಿದ್ದಾರೆ, ಏನು ಬರೆಯಲಿ ಅಂತ ಕೇಳಿದ್ದೀಯ.

ಆನ್‌ಲೈನ್ ಇಷ್ಟ ಅನ್ನೋಕೆ ಸಂಕೋಚ ಬೇಡಮ್ಮ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿದರೆ ವಿಜಯನಗರ ಬರುವಷ್ಟರಲ್ಲಿ ಕಾಲಿಡೋಕೂ ಜಾಗ ಇರಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಮಾರ್ಗ ಹಿಡಿದು ರಾಜಾಜಿನಗರದ ಕಾಲೇಜು ಸೇರುವ ಹೊತ್ತಿಗೇ ನಿನಗೆ ಸುಸ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮಕ್ಕಳ ಪಾಠ ನಿಲ್ಲದೆ ನಡೆದದ್ದೂ ಮೊಬೈಲಿನಿಂದಲೇ. ಫಾರ್ಮಕಾಲಜಿ ಪಾಠ ರೆಕಾರ್ಡ್ ಆಗಿದ್ದರೆ, ತಿಳಿಯದ ಕಡೆ ನಿಲ್ಲಿಸಿ ಮತ್ತೆ ಮತ್ತೆ ಕೇಳಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ನನಗೆ ಗೊತ್ತು.

ಆದರೆ ಎಮಲ್ಶನ್ ಪ್ರಾಕ್ಟಿಕಲ್ ನೆನೆಸಿಕೋ. ಎಣ್ಣೆ ನಾಲ್ಕು ಭಾಗ, ನೀರು ಎರಡು, ಗೋಂದು ಒಂದು. ಈ ಲೆಕ್ಕವನ್ನು ಎಲ್ಲಿ ಕೂತಾದರೂ ಕಲಿಯಬಹುದು. ಒಣಗಿದ ಮಾರ್ಟರ್‌ನಲ್ಲಿ ಗೋಂದಿನ ಪುಡಿಯನ್ನು ಎಣ್ಣೆಗೆ ಕಲಸಿ, ಅಳೆದಿಟ್ಟ ನೀರನ್ನು ಒಂದೇ ಸಲಕ್ಕೆ ಸುರಿದು, ಒಂದೇ ದಿಕ್ಕಿಗೆ ಬಿರುಸಾಗಿ ತಿರುವುತ್ತಾ ಹೋದರೆ ಮಿಶ್ರಣ ಕೆನೆಯಂತೆ ಬೆಳ್ಳಗಾಗಿ ಚಟಚಟ ಸದ್ದು ಮಾಡುತ್ತೆ. ಅದಕ್ಕೆ ಮುಂಚೆ ಕೈ ನಿಧಾನವಾದರೆ ಎಣ್ಣೆ ಬೇರೆ, ನೀರು ಬೇರೆ. ಎಷ್ಟು ಬಿರುಸು ಬೇಕು ಅನ್ನೋದು ಮಣಿಕಟ್ಟಿಗೇ ಗೊತ್ತಾಗಬೇಕು. ಪಕ್ಕದಲ್ಲಿ ನಿಂತ ಮೇಡಂ "ನಿಲ್ಲಿಸಬೇಡ, ಇನ್ನೂ ಜೋರಾಗಿ" ಅನ್ನಬೇಕು. ಬಿ.ಫಾರ್ಮ್‌ನಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ ಶೇ 80 ಹಾಜರಿ ಇರಬೇಕು ಅನ್ನೋ ಫಾರ್ಮಸಿ ಕೌನ್ಸಿಲ್ ನಿಯಮಕ್ಕೆ ನೀವೆಲ್ಲ ಗೊಣಗ್ತೀರಿ. ಪ್ರಾಕ್ಟಿಕಲ್ ಮಟ್ಟಿಗಂತೂ ಅದು ಸರಿಯಾಗೇ ಇದೆ.

ಔಷಧದ ಕೌಂಟರಿನಲ್ಲೇ ವಯಸ್ಸು ಕಳೆದವನು ಇನ್ನೊಂದು ಮಾತು ಹೇಳ್ತೀನಿ. ನಾಳೆ ಉಬ್ಬಸದ ಅಜ್ಜಿಯೊಬ್ಬರು ಇನ್‌ಹೇಲರ್ ಹಿಡಿದು ನಿನ್ನ ಮುಂದೆ ನಿಲ್ತಾರೆ. ಒತ್ತೋದೂ ಉಸಿರೆಳೆಯೋದೂ ಜೊತೆಜೊತೆಗೇ ಆಗಬೇಕು, ಆಮೇಲೆ ಹತ್ತು ಸೆಕೆಂಡ್ ಉಸಿರು ಬಿಗಿಹಿಡಿಯಬೇಕು ಅಂತ ನೀನು ಹೇಳ್ತೀಯ. ಅವರು "ಹೂಂ ಹೂಂ" ಅಂತಾರೆ, ಮುಖದಲ್ಲಿ ಮಾತ್ರ ಗೊಂದಲ. ಆಗ ಅವರ ಕೈಯಲ್ಲೇ ಮಾಡಿಸಿ ನೋಡಬೇಕು ಅಂತ ನಿನಗೆ ಹೊಳೆಯಬೇಕು. ಅಂಥ ಸೂಕ್ಷ್ಮ ಕ್ಯಾಮೆರಾ ಆಫ್ ಮಾಡಿ ಕೂತವರಿಗೆ ಬರೋದು ಕಷ್ಟ ಕಣಮ್ಮ.

ಅದಕ್ಕೇ ಎರಡರಲ್ಲೊಂದಕ್ಕೆ ಟಿಕ್ ಹಾಕಿ ಕೈತೊಳೆದುಕೊಳ್ಳಬೇಡ. ಥಿಯರಿ ಪಾಠಗಳ ರೆಕಾರ್ಡಿಂಗ್ ಕೊಡಿ, ಲ್ಯಾಬಿನಲ್ಲಿ ಪ್ರತಿಯೊಬ್ಬರೂ ತಾವೇ ಮಾಡುವ ಹಾಗೆ ಬ್ಯಾಚ್ ಚಿಕ್ಕದು ಮಾಡಿ ಅಂತ ಬಿಡಿಸಿ ಬರಿ. ಕೊಡುವ ಮುಂಚೆ ನನಗೊಮ್ಮೆ ವಾಟ್ಸ್ಆ್ಯಪ್ ಮಾಡು, ಓದಿ ಹೇಳ್ತೀನಿ.

ಇಂತಿ ನಿನ್ನ
ದೊಡ್ಡಪ್ಪ