ಕರೆಂಟು ಬೇಡದ ತಂಪು ಪೆಟ್ಟಿಗೆ: ಕಟ್ಟುವುದು, ನಡೆಸುವುದು, ನೋಡಿಕೊಳ್ಳುವುದು



ಸಂತೆ ಮುಗಿಯುವ ಹೊತ್ತಿಗೆ ತರಕಾರಿಯ ಬೆಲೆ ಏನಾಗುತ್ತದೆ ಅಂತ ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಜಗ್ಗಾಡಿ ಕೊಂಡವರು ಸಂಜೆ ಐದರ ಮೇಲೆ ಬಂದು, "ಎಲ್ಲಾ ಸೇರಿಸಿ ಎಷ್ಟಕ್ಕೆ ಕೊಡ್ತೀಯವ್ವಾ?" ಎಂದು ಕೇಳುತ್ತಾರೆ. ಅವರಿಗೂ ಗೊತ್ತು, ನಿಮಗೂ ಗೊತ್ತು: ಆ ಹರಿವೆ ಸೊಪ್ಪು ನಾಳೆವರೆಗೆ ಉಳಿಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಬೆಲೆ ಕಟ್ಟುವವರು ನೀವಲ್ಲ, ಬಿಸಿಲು. ಒಂದೆರಡು ದಿನ ಮಾಲು ಬಾಡದೆ ನಿಂತರೆ ಸಾಕು, "ಈ ಬೆಲೆಗೆ ಆಗೋದಿಲ್ಲ" ಎಂದು ಹೇಳುವ ಧೈರ್ಯ ಬರುತ್ತದೆ. ಈ ಸಲದ ಪಾಠ ಅದರ ಬಗ್ಗೆ.

ಫ್ರಿಜ್ಜು, ಕೋಲ್ಡ್ ಸ್ಟೋರೇಜು ನಮ್ಮ ಕೈಗೆ ಎಟುಕುವ ಮಾತಲ್ಲ. ಇದ್ದರೂ ಕರೆಂಟು ಬೇಕು, ರಿಪೇರಿ ಮಾಡುವವರು ಬೇಕು. ಆದರೆ ಇಟ್ಟಿಗೆ, ಮರಳು, ನೀರು ಇಷ್ಟರಿಂದಲೇ ತಂಪು ಮಾಡುವ ಒಂದು ವಿಧಾನ ಇದೆ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ರಾಯ್ ಮತ್ತು ಖುರ್ದಿಯಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಶೂನ್ಯ ಶಕ್ತಿ ತಂಪು ಕೋಣೆ ಎಂದು ಹೆಸರು. ಕೋಣೆ ಎಂದರೆ ಒಳಗೆ ಹೋಗಿ ನಿಲ್ಲುವಂಥದ್ದಲ್ಲ, ಸೊಂಟದೆತ್ತರವೂ ಇಲ್ಲದ ಇಟ್ಟಿಗೆಯ ತೊಟ್ಟಿ. ನಾವು ಇಲ್ಲಿ ತಂಪು ಪೆಟ್ಟಿಗೆ ಎಂದೇ ಕರೆಯೋಣ.

ತಂಪು ಎಲ್ಲಿಂದ ಬರುತ್ತದೆ?

ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಎಲ್ಲರಿಗೂ ಗೊತ್ತು. ಗಡಿಗೆಯ ಮೈಯಿಂದ ನೀರು ಸ್ವಲ್ಪ ಸ್ವಲ್ಪ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಇದು ಸಣ್ಣ ಶಕ್ತಿ ಎಂದು ತಿಳಿಯಬೇಡಿ. ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ ಹೊತ್ತೊಯ್ಯುವ ಶಾಖ, ಸುಮಾರು ಏಳು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖಕ್ಕೆ ಸಮ.

ಕಲ್ಲಿದ್ದಲಿನಿಂದ ಕರೆಂಟು ಮಾಡುವ ದೊಡ್ಡ ಸ್ಥಾವರಗಳ ಪಕ್ಕ ನಡು ಸಣ್ಣಗಿರುವ ಭಾರೀ ಗೋಪುರಗಳನ್ನು ನೀವು ಬಸ್ಸಿನಿಂದಲೋ ಟಿ.ವಿ.ಯಲ್ಲೋ ನೋಡಿರಬಹುದು. ಅದರ ಬಾಯಿಂದ ಬೆಳ್ಳಗೆ ಏಳುವುದನ್ನು ಎಷ್ಟೋ ಜನ ಹೊಗೆ ಅಂದುಕೊಳ್ಳುತ್ತಾರೆ. ಅದು ಹೊಗೆಯಲ್ಲ, ನೀರಿನ ಆವಿ ತಂಪಾಗಿ ಆದ ಸಣ್ಣ ಹನಿಗಳು. ಅದಕ್ಕೆ ಕೂಲಿಂಗ್ ಟವರ್ ಎನ್ನುತ್ತಾರೆ. ಬಿಸಿ ನೀರನ್ನು ಮೇಲಿಂದ ಮಳೆಯ ಹಾಗೆ ಸುರಿಸಿ, ಕೆಳಗಿಂದ ಗಾಳಿ ಹಾಯಿಸುತ್ತಾರೆ. ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ನಮ್ಮ ಗಡಿಗೆ, ಆ ಗೋಪುರ, ಈ ಇಟ್ಟಿಗೆ ಪೆಟ್ಟಿಗೆ ಮೂರೂ ಒಂದೇ ಮನೆತನ. ಮೂರಕ್ಕೂ ಬೇಕಾದದ್ದು ಮೂರೇ: ಒದ್ದೆ, ಗಾಳಿಯಾಟ, ಒಣ ಹವೆ.

ಮೂರನೆಯದನ್ನೇ ಜನ ಮರೆಯುತ್ತಾರೆ. ಹವೆ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲುಸೀಮೆಯಲ್ಲಿ 38 ಡಿಗ್ರಿ ಬಿಸಿಲಿದ್ದು, ಗಾಳಿಯಲ್ಲಿ ತೇವಾಂಶ ನೂರಕ್ಕೆ 25 ಇದ್ದರೆ, ಆವಿಯಿಂದ ಸುಮಾರು 23 ಡಿಗ್ರಿವರೆಗೆ ಇಳಿಯಲು ದಾರಿ ಇದೆ. ಅದೇ ಮಳೆಗಾಲದಲ್ಲಿ 27 ಡಿಗ್ರಿ, ತೇವಾಂಶ 90 ಇದ್ದರೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿದೀತು, ಅಷ್ಟೇ. ಆದ್ದರಿಂದ ಕರಾವಳಿಯ ಅಕ್ಕಂದಿರಿಗೆ ನಾವು ಇದನ್ನು ಒತ್ತಿ ಹೇಳುವುದಿಲ್ಲ. ಒಣ ಬೇಸಿಗೆ ಇರುವ ಊರುಗಳಿಗೇ ಇದು ಸರಿ.

ನಿಮ್ಮ ಊರಲ್ಲಿ ಎಷ್ಟು ಫಲ ಸಿಗುತ್ತದೆ ಅಂತ ಇಟ್ಟಿಗೆ ತರುವ ಮೊದಲೇ ನೋಡಬಹುದು. ಶಾಲೆಯ ಮೇಷ್ಟ್ರ ಹತ್ತಿರ ಹವೆಯ ಬಿಸಿ ಅಳೆಯುವ ಥರ್ಮಾಮೀಟರ್ ಕೇಳಿ (ಜ್ವರ ನೋಡುವುದಲ್ಲ). ಮಧ್ಯಾಹ್ನ ನೆರಳಲ್ಲಿ ಒಮ್ಮೆ ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ಅದರ ಗುಂಡಿಗೆ ತೆಳು ಬಟ್ಟೆ ಸುತ್ತಿ, ಒದ್ದೆ ಮಾಡಿ, ಬೀಸಣಿಗೆಯಿಂದ ನಾಲ್ಕೈದು ನಿಮಿಷ ಗಾಳಿ ಹಾಕಿ ಮತ್ತೆ ಓದಿ. ಎರಡನೇ ಅಂಕಿಗಿಂತ ಕೆಳಗೆ ಯಾವ ತಂಪು ಪೆಟ್ಟಿಗೆಯೂ ಇಳಿಯುವುದಿಲ್ಲ. ಕೋಟಿಗಟ್ಟಲೆಯ ಕೂಲಿಂಗ್ ಟವರಿಗೂ ಇದೇ ಗಡಿ. ವ್ಯತ್ಯಾಸ ಹತ್ತು ಡಿಗ್ರಿಯ ಆಸುಪಾಸು ಬಂದರೆ ಕಟ್ಟಿ. ಮೂರು ನಾಲ್ಕು ಬಂದರೆ ದುಡ್ಡು ಉಳಿಸಿಕೊಳ್ಳಿ.

ಕಟ್ಟುವ ಕೆಲಸ

ಮೊದಲು ಜಾಗ. ಗಾಳಿ ಆಡುವ, ನೀರು ಹತ್ತಿರವಿರುವ, ಸ್ವಲ್ಪ ಎತ್ತರದ ನೆಲ ಆಗಬೇಕು. ಮೇಲೆ ಬಿಸಿಲು ಮಳೆ ತಡೆಯಲು ಚಪ್ಪರ ಬೇಕು, ಸುತ್ತ ಗೋಡೆ ಬೇಡ. ಒಂದು ಊರಿನಲ್ಲಿ ಕಳ್ಳತನದ ಭಯಕ್ಕೆ ಮುಚ್ಚಿದ ಹಿಂದಿನ ಕೋಣೆಯೊಳಗೆ ಪೆಟ್ಟಿಗೆ ಕಟ್ಟಿದ್ದನ್ನು ನಾವು ನೋಡಿದ್ದೇವೆ. ಇಟ್ಟಿಗೆ ಸದಾ ಒದ್ದೆ, ನೀರು ಹಾಕುವುದರಲ್ಲಿ ಯಾವ ಲೋಪವೂ ಇಲ್ಲ, ಆದರೂ ತಂಪಿಲ್ಲ. ಕೋಣೆಯ ಗಾಳಿಯೆಲ್ಲ ತೇವದಿಂದ ತುಂಬಿ ನಿಂತಿತ್ತು, ಹೊಸ ಗಾಳಿ ಬರಲು ಕಿಟಕಿಯೇ ಇರಲಿಲ್ಲ. ಕೀಲಿ ಬೇಕಿದ್ದರೆ ಪೆಟ್ಟಿಗೆಯ ಮುಚ್ಚಳಕ್ಕೆ ಹಾಕಿ, ಗಾಳಿಗೆ ಹಾಕಬೇಡಿ.

ಅಳತೆ ಹೀಗೆ. ನೆಲಕ್ಕೆ 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲಕ್ಕೆ (ಹತ್ತಿರ ಹತ್ತಿರ ಐದೂವರೆ ಅಡಿಗೆ ಮೂರು ಮುಕ್ಕಾಲು ಅಡಿ) ಒಂದು ವರಸೆ ಇಟ್ಟಿಗೆ ಹಾಸಿ. ಅದರ ಅಂಚಿನಲ್ಲಿ ಸುತ್ತ ಎರಡು ಗೋಡೆ, ಒಂದರೊಳಗೊಂದು ಏಳಬೇಕು. ನಡುವೆ 7.5 ಸೆಂ.ಮೀ. ಅಂದರೆ ಮೂರು ಇಂಚು ಸಂದು. ಎತ್ತರ 67.5 ಸೆಂ.ಮೀ., ಎರಡೂಕಾಲು ಅಡಿ. ಸುಮಾರು 400 ಇಟ್ಟಿಗೆ ಹಿಡಿಯುತ್ತದೆ. ಸಂದಿಗೆ ಮರಳು ತುಂಬಿ. ಇಷ್ಟು ದೊಡ್ಡದರಲ್ಲಿ ಸುಮಾರು 100 ಕಿಲೋ ತರಕಾರಿ ಇಡಬಹುದು.

ಇಟ್ಟಿಗೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ನೀರು ಕುಡಿಯುವ ಇಟ್ಟಿಗೆ ಬೇಕು. ಬಕೆಟ್ ನೀರಲ್ಲಿ ಒಂದನ್ನು ಮುಳುಗಿಸಿ ನೋಡಿ, ಗುಳುಗುಳು ಗುಳ್ಳೆ ಬಂದರೆ ಒಳ್ಳೆಯದು. ಅತಿಯಾಗಿ ಬೆಂದು ಕಪ್ಪಾದದ್ದು, ಒಡೆದದ್ದು, ಸಿಮೆಂಟ್ ಬ್ಲಾಕು ಬೇಡ. ಮೇಸ್ತ್ರಿಗಳು ಅಂದವಾಗಿ ಕಾಣಲಿ ಅಂತ ಸಿಮೆಂಟ್ ಗಿಲಾವು ಮಾಡಲು ಬರುತ್ತಾರೆ, ಬಿಡಬೇಡಿ. ಗಿಲಾವು ಮಾಡಿದರೆ ಇಟ್ಟಿಗೆಯ ಬಾಯಿ ಮುಚ್ಚಿದ ಹಾಗೆ. ಮರಳಿನಲ್ಲಿ ಜೇಡಿ, ಕಸ, ಎಲೆ ಇರಬಾರದು. ಹೊಳೆ ಮರಳು ಸಿಗದ ಕಡೆ ದಪ್ಪ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಹಾಕಿ.

ಮುಚ್ಚಳಕ್ಕೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಲಾವಂಚ ಅಥವಾ ಒಣ ಹುಲ್ಲು ಹೊದಿಸಿ, ಗೋಣಿತಾಟಿನಿಂದ ಹೊಲಿಯಿರಿ. ಇಬ್ಬರು ಎತ್ತುವಷ್ಟು ಹಗುರ ಇರಲಿ.

ದಿನದಿನದ ನಡೆಸಾಣಿಕೆ

ಮೊದಲ ದಿನ ಮರಳು, ಇಟ್ಟಿಗೆ, ಮುಚ್ಚಳ ಎಲ್ಲವನ್ನೂ ನೀರು ಬುಡದಲ್ಲಿ ಜಿನುಗುವವರೆಗೆ ನೆನೆಸಬೇಕು. ಆಮೇಲೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಹವೆ ನೋಡಿಕೊಂಡು ದಿನಕ್ಕೆ ನಾಲ್ಕೈದು ಕೊಡ ನೀರು ಎಂದು ಲೆಕ್ಕ ಇಟ್ಟುಕೊಳ್ಳಿ. ಎತ್ತರದಲ್ಲಿ ಒಂದು ಡ್ರಮ್ ಇಟ್ಟು, ಸಣ್ಣ ತೂತಿನ ಪೈಪನ್ನು ಮರಳಿನ ಮೇಲೆ ಸುತ್ತಿದರೆ ಹನಿ ಹನಿ ಬೀಳುತ್ತಾ ಇರುತ್ತದೆ, ಕೈಕೆಲಸ ಉಳಿಯುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಈ ನಾಲ್ಕೈದು ಕೊಡ ಯಾರ ಸೊಂಟದ ಮೇಲೆ ಬರುತ್ತದೆ? ಬೇಸಿಗೆಯಲ್ಲಿ ಎರಡು ಫರ್ಲಾಂಗು ನಡೆದು ನೀರು ತರುವ ಊರಾದರೆ ಪೆಟ್ಟಿಗೆ ಬೇಡ. ತರಕಾರಿ ಉಳಿಸಲು ಹೋಗಿ ಹೆಣ್ಣುಮಗಳು ಶಾಲೆ ತಪ್ಪಿಸಿ ಕೊಡ ಹೊರುವಂತಾದರೆ ಅದು ಲಾಭವೇ ಅಲ್ಲ. ಕೊಳಾಯಿಯೋ ಬೋರ್‌ವೆಲ್ಲೋ ಪಕ್ಕದಲ್ಲಿದ್ದರೆ ಮಾತ್ರ ಕೈ ಹಾಕಿ. ಸೋಪಿನ ನೀರು, ಪಾತ್ರೆ ತೊಳೆದ ನೀರು ಹಾಕಿದರೆ ನಾತ ಹಿಡಿಯುತ್ತದೆ.

ಮಾಲು ಇಡುವಾಗಲೂ ಕ್ರಮ ಇದೆ. ಹೊಲದಿಂದ ನಡು ಮಧ್ಯಾಹ್ನ ಕಿತ್ತು ಬಿಸಿಬಿಸಿಯಾಗಿಯೇ ತುಂಬಿದರೆ ಪೆಟ್ಟಿಗೆ ಅದನ್ನು ತಣಿಸುವುದರಲ್ಲೇ ಸೋಲುತ್ತದೆ. ಬೆಳಗಿನ ಜಾವ ಕೀಳಿ, ನೆರಳಲ್ಲಿ ಹರಡಿ, ಕೊಳೆತದ್ದು, ಹುಳ ಬಿದ್ದದ್ದು, ಜಜ್ಜಿದ್ದನ್ನು ಬೇರೆ ಮಾಡಿ. ಒಂದು ಕೊಳೆತ ಟೊಮೆಟೊ ಇಡೀ ಕ್ರೇಟನ್ನು ಹಾಳು ಮಾಡುತ್ತದೆ. ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿದಿರು ಬುಟ್ಟಿ, ಮರದ ಪೆಟ್ಟಿಗೆ, ಗೋಣಿಚೀಲ ಒಳಗೆ ಬೂಸ್ಟು ಹಿಡಿಯುತ್ತವೆ. ನೀರು ಹಾಕುವಾಗ ಹನಿ ತರಕಾರಿ ಮೇಲೆ ಬೀಳಬಾರದು. ಹವೆ ತಂಪಿರಬೇಕು, ಮಾಲು ಒದ್ದೆಯಾಗಬಾರದು.

ಎಷ್ಟು ದಿನ ತಡೆಯುತ್ತದೆ ಅಂತ ಕೇಳುತ್ತೀರಿ. ದೆಹಲಿಯ ಪರೀಕ್ಷೆಗಳಲ್ಲಿ ಬೇಸಿಗೆಯಲ್ಲಿ ಹೊರಗೆ ಒಂದು ದಿನವೂ ನಿಲ್ಲದ ಹರಿವೆ ಸೊಪ್ಪು ಒಳಗೆ 3 ದಿನ ನಿಂತಿತು. ಬೆಂಡೆಕಾಯಿ ಹೊರಗೆ 1 ದಿನ, ಒಳಗೆ 6 ದಿನ. ಹಾಗಲಕಾಯಿ 2 ದಿನದ ಬದಲು 6. ಒಳಗೆ ತೇವಾಂಶ ನೂರಕ್ಕೆ ಸುಮಾರು 90 ಇರುವುದರಿಂದ ಸೊಪ್ಪಿನ ನೀರು ಆರುವುದಿಲ್ಲ, ತೂಕವೂ ಕಡಿಮೆಯಾಗುವುದಿಲ್ಲ. ತಕ್ಕಡಿಯಲ್ಲಿ ಮಾರುವ ನಮಗೆ ಇದು ದೊಡ್ಡ ವಿಷಯ.

ಎಲ್ಲವನ್ನೂ ಒಳಗೆ ತುರುಕಬೇಡಿ. ಈರುಳ್ಳಿ, ಬೆಳ್ಳುಳ್ಳಿಗೆ ಒಣ ಗಾಳಿ ಬೇಕು, ಇಲ್ಲಿ ಮೊಳಕೆ ಬರುತ್ತವೆ, ಕೊಳೆಯುತ್ತವೆ. ಮಾಗಿದ ಬಾಳೆ, ಮಾವಿನ ಜೊತೆ ಸೊಪ್ಪು ಇಟ್ಟರೆ ಹಣ್ಣಿನಿಂದ ಬರುವ ಗಾಳಿಗೆ ಸೊಪ್ಪು ಬೇಗ ಹಳದಿಯಾಗುತ್ತದೆ. ಮೀನು, ಮಾಂಸ, ಉಳಿದ ಅನ್ನ-ಸಾರು ಇಡಲೇಬಾರದು. ಇದು ಫ್ರಿಜ್ಜಿನಷ್ಟು ತಂಪಲ್ಲ, ಹೊಟ್ಟೆ ಕೆಡುತ್ತದೆ.

ನೋಡಿಕೊಳ್ಳುವುದು

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೆಲವು ತಿಂಗಳಲ್ಲಿ ಇಟ್ಟಿಗೆ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕೂಲಿಂಗ್ ಟವರಿನಲ್ಲೂ ಇದೇ ಕಾಟ. ಅಲ್ಲಿ ಆಗಾಗ ಒಂದಿಷ್ಟು ನೀರನ್ನು ಹೊರಗೆ ಬಿಟ್ಟು ಹೊಸ ನೀರು ಸೇರಿಸುತ್ತಾರೆ. ನಾವು ತಿಂಗಳಿಗೊಮ್ಮೆ ತೆಂಗಿನ ನಾರಿನಿಂದ ಇಟ್ಟಿಗೆ ಉಜ್ಜಿ ತೊಳೆದರೆ ಆಯಿತು. ಮರಳಿನಲ್ಲಿ ಕೆಸರು ಕೂತರೆ ತೆಗೆದು ತೊಳೆದು ಮತ್ತೆ ತುಂಬಬೇಕು. ಇಟ್ಟಿಗೆ ಹಾಳಾಗುವುದಿಲ್ಲ, ಬಿಚ್ಚಿ ಬೇರೆ ಕಡೆ ಕಟ್ಟಬಹುದು.

ವಾರಕ್ಕೊಮ್ಮೆ ಪೆಟ್ಟಿಗೆ ಖಾಲಿ ಮಾಡಿ, ಕ್ರೇಟುಗಳನ್ನು ಸ್ವಲ್ಪ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ. ಬುಡದಲ್ಲಿ ನೀರು ನಿಲ್ಲದಂತೆ ಸಣ್ಣ ಕಾಲುವೆ ಮಾಡಿ ಗಿಡದ ಪಾತಿಗೆ ಬಿಡಿ, ಇಲ್ಲದಿದ್ದರೆ ಸೊಳ್ಳೆ. ಇನ್ನು, ತಂಪು ನಮಗಷ್ಟೇ ಹಿತವಲ್ಲ, ಹಾವು ಚೇಳುಗಳಿಗೂ ಹಿತ. ಮುಚ್ಚಳವನ್ನು ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಎತ್ತಿ. ಕತ್ತಲಲ್ಲಿ ಬರಿಗೈ ಹಾಕಬೇಡಿ, ಮಕ್ಕಳನ್ನು ಕಳಿಸಬೇಡಿ.

ಸಂಘದ ಲೆಕ್ಕ

ಐದು ಜನ ಸೇರಿ ಒಂದು ಕಟ್ಟಿದರೆ ತಲಾ 20 ಕಿಲೋ ಜಾಗ. ಕಟ್ಟುವ ಮೊದಲು ನಾಲ್ಕು ಸಂತೆಯ ಲೆಕ್ಕ ಬರೆಯಿರಿ: ಸಂಜೆ ಅಗ್ಗಕ್ಕೆ ಕೊಟ್ಟದ್ದೆಷ್ಟು, ಎಸೆದದ್ದೆಷ್ಟು. ಉದಾಹರಣೆಗೆ ಒಬ್ಬೊಬ್ಬರೂ ವಾರಕ್ಕೆ 10 ಕಿಲೋ ಮಾಲನ್ನು ಕಿಲೋಗೆ 8 ರೂಪಾಯಿ ಕಡಿಮೆಗೆ ಕೊಟ್ಟರೆ ನಷ್ಟ 80 ರೂಪಾಯಿ. ಐವರಿಗೆ 400. ಬೇಸಿಗೆಯ 16 ವಾರಕ್ಕೆ 6,400. ನಿಮ್ಮ ಊರಿನ ಇಟ್ಟಿಗೆ, ಮರಳು, ಕೂಲಿ, ಕ್ರೇಟಿನ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿ, ಆಮೇಲೆ ಆಂತರಿಕ ಸಾಲದ ಮಾತು. ನೀರು ಹಾಕುವ ಸರದಿಯನ್ನು ಠರಾವು ಪುಸ್ತಕದಲ್ಲೇ ಬರೆಯಿರಿ. ಮದುವೆ, ಜಾತ್ರೆ, ಹಬ್ಬದ ದಿನ ಯಾರು ಹಾಕುತ್ತಾರೆ ಎನ್ನುವುದೂ ಅದರಲ್ಲಿರಲಿ. ಏಪ್ರಿಲ್‌ನಲ್ಲಿ ಎರಡು ದಿನ ನೀರು ತಪ್ಪಿದರೆ ಅದು ಬರೀ ಇಟ್ಟಿಗೆ ತೊಟ್ಟಿ.

ಒಬ್ಬರೇ ಮಾಡುವುದಾದರೆ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ನೀರು ಹಾಕಿ, ಒದ್ದೆ ಬಟ್ಟೆ ಮುಚ್ಚಿ. ಆಫ್ರಿಕಾದ ನೈಜೀರಿಯ ದೇಶದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು 1990ರ ದಶಕದಲ್ಲಿ ಇದನ್ನು ಹಳ್ಳಿಹಳ್ಳಿಗೆ ಹಂಚಿದರು. ಅಲ್ಲಿ ದಿನವೂ ತರಕಾರಿ ಮಾರಲು ಹೋಗುತ್ತಿದ್ದ ಹುಡುಗಿಯರಿಗೆ ಶಾಲೆಗೆ ಹೋಗಲು ಬಿಡುವು ಸಿಕ್ಕಿತು.

ಮುಂದಿನ ವಾರದ ಸಭೆಯಲ್ಲಿ ಮಾತಾಡಿಕೊಳ್ಳಿ: ನಮ್ಮಲ್ಲಿ ಎಷ್ಟು ಜನ ಸಂಜೆ ಅಗ್ಗಕ್ಕೆ ಮಾರುತ್ತೇವೆ? ನೀರು ಎಷ್ಟು ದೂರ? ಯಾರ ಹಿತ್ತಿಲಲ್ಲಿ ಗಾಳಿ ಚೆನ್ನಾಗಿದೆ, ಮತ್ತು ಆ ಮನೆಯವರು ಉಳಿದ ನಾಲ್ವರು ಬೆಳಗ್ಗೆ ಸಂಜೆ ಬಂದು ಹೋಗಲು ಒಪ್ಪುತ್ತಾರೆಯೇ? ಕಟ್ಟುವ ದಿನ ಕೈ ಹಿಡಿದು ತೋರಿಸುವವರು ಬೇಕಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.