ಕಾರು ಇಳಿಸುವ ಮುನ್ನ ಜಕ್ಕಲಿಯ ಹಂಪ್ ಅಳೆಯಿರಿ

ನಮ್ಮ ಗದಗ ಸೀಮೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಅಂದರೆ ಯಾರೂ ಪೋರ್ಷೆ ನೆನೆಯುವುದಿಲ್ಲ. 1999ರಲ್ಲಿ ಬಂದ ಫೋರ್ಡ್ ಐಕಾನ್, 2001ರ ಫಿಯೆಟ್ ಪಾಲಿಯೊ, ಹೋಂಡಾ ಸಿಟಿ ವಿಟೆಕ್, ಎಲ್ಲಕ್ಕಿಂತ ಮೊದಲು ಬಡವರ ರೇಸ್ ಕಾರಾದ ಮಾರುತಿ ಝೆನ್. ಇವನ್ನು ಜೋಪಾನ ಮಾಡಿಟ್ಟುಕೊಂಡ ಹುಡುಗರ ಪ್ರಶ್ನೆ ಒಂದೇ: ‘ಅಣ್ಣಾ, ಗಾಡಿ ಎಷ್ಟು ಇಳಸೂಣು?’

1. ಮೊದಲು ಟೇಪು ಹಿಡಿಯಿರಿ. ಇಪ್ಪತ್ತು ವರ್ಷ ಭಾರ ಹೊತ್ತ ಸ್ಪ್ರಿಂಗ್ ತಾನಾಗಿಯೇ ಒಂದಿಷ್ಟು ಕುಸಿದಿರುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಡಬ್ಬಿಯ ಮೇಲಿನ ‘30 ಮಿ.ಮೀ. ಇಳಿಕೆ’ ಎಂಬುದು ಹೊಸ ಕಾರಿನ ಲೆಕ್ಕ. ಆಗಲೇ 15 ಮಿ.ಮೀ. ಕುಸಿದ ಗಾಡಿ ಆ ಸ್ಪ್ರಿಂಗಿನಿಂದ ಇನ್ನು 15 ಮಾತ್ರ ಇಳಿಯುತ್ತದೆ. ಆಮೇಲೆ ಅಂಗಡಿಯವನ ಮೇಲೆ ಜಗಳ ತೆಗೆಯಬೇಡಿ.

2. ನಿಮ್ಮ ದಾರಿಯ ಅತಿ ಕೆಟ್ಟ ಹಂಪನ್ನೇ ಮಾನದಂಡ ಮಾಡಿಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲಕ್ಕೆ ಹರಡಿ, ನಡುವೆ 10 ಸೆಂ.ಮೀ. ಎತ್ತರ ಇರಬೇಕು. ಊರ ಮುಂದೆ ರಾತ್ರೋರಾತ್ರಿ ಏಳುವ ಹಂಪ್‌ಗಳು ಆ ಪುಸ್ತಕ ಓದಿರುವುದಿಲ್ಲ. ಜಕ್ಕಲಿಯಿಂದ ನರೇಗಲ್ಲಿಗೆ ಹೋಗಲಿ, ರೋಣಕ್ಕೆ ಹೋಗಲಿ, ರಸ್ತೆಯ ಅಡಿಯಲ್ಲಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಸುಗ್ಗಿ ಬಂದರಂತೂ ಎಷ್ಟೋ ಕಡೆ ರಸ್ತೆಯೇ ಕಣ. ಹರವಿದ ಬಳ್ಳಿ ತಗ್ಗು ಕಾರಿನ ಹೊಟ್ಟೆಗೆ ಸುತ್ತಿಕೊಂಡು ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತಬಹುದು. ಆದ್ದರಿಂದ ನಾಲ್ಕು ಜನರನ್ನು ಕೂರಿಸಿ, ಟ್ಯಾಂಕ್ ತುಂಬಿಸಿ, ಎಂಜಿನ್ ಎಣ್ಣೆಯ ಚೇಂಬರಿನ ಅಡಿಯಿಂದ ನೆಲಕ್ಕೆ ಎಷ್ಟು ಜಾಗವಿದೆ ಎಂದು ನೋಡಿ. ನನ್ನನ್ನು ಕೇಳಿದರೆ ಇಲ್ಲಿ 25 ಮಿ.ಮೀ. ಗರಿಷ್ಠ. ಬೆಂಗಳೂರಿನ ಹುಡುಗರ ನೆಲ ಸವರುವ ಕಾರಿನ ಫೋಟೊ ಫೋಟೊದಲ್ಲೇ ಚೆಂದ.

3. ಗ್ರೈಂಡರ್ ದೂರ ಇಡಿ. ‘ಒಂದು ಸುತ್ತು ಕಟ್ ಮಾಡಿದ್ರ ಆತು’ ಎನ್ನುವ ಗ್ಯಾರೇಜ್ ಎಲ್ಲ ಊರಲ್ಲೂ ಇದೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಕತ್ತರಿಸಿದರೆ ಅದು ಶೇ. 20ರಷ್ಟು ಗಟ್ಟಿಯಾಗುತ್ತದೆ, ಗಿಡ್ಡವೂ ಆಗುತ್ತದೆ. ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಜ್ಯಾಕ್ ಹಾಕಿ ಚಕ್ರ ಪೂರ್ತಿ ಇಳಿಬಿಟ್ಟಾಗ ಸ್ಪ್ರಿಂಗ್ ಕೈಯಲ್ಲಿ ಅಲುಗಿದರೆ ಆ ಸ್ಪ್ರಿಂಗ್ ಬೇಡ. ಗುಂಡಿ ಹಾರಿದಾಗ ಅದು ಜಾಗ ಬಿಟ್ಟು ಏಳುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದು ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗುತ್ತದೆ.

4. ತಂತಿಯ ದಪ್ಪ ಕೇಳಿ. ಬಣ್ಣ ನೋಡಿ ಕೊಳ್ಳುವವರೇ ಹೆಚ್ಚು. ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ: ಸುತ್ತು, ಅಗಲ ಹಾಗೇ ಇದ್ದು 10 ಮಿ.ಮೀ. ತಂತಿ 11 ಆದರೆ ಶೇ. 46 ಹೆಚ್ಚು ಗಟ್ಟಿ, 12 ಆದರೆ ದುಪ್ಪಟ್ಟು. ಸುತ್ತುಗಳ ಅಂತರ ಒಂದು ಕಡೆ ಕಿರಿದಾಗಿರುವ, ಅಮುಕಿದಷ್ಟೂ ಗಟ್ಟಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಳ್ಳಿ ರಸ್ತೆಗೆ ಲೇಸು.

5. ಶಾಕ್ ಅಬ್ಸಾರ್ಬರ್ ಬದಲಿಸದೆ ಸ್ಪ್ರಿಂಗ್ ಕೊಳ್ಳಬೇಡಿ. ಗಟ್ಟಿ ಸ್ಪ್ರಿಂಗ್ ಜೋರಾಗಿ ಮರಳಿ ಚಿಮ್ಮುತ್ತದೆ. ಅದನ್ನು ಹಿಡಿಯುವ ಶಕ್ತಿ ಎಣ್ಣೆ ಸೋರಿದ ಹಳೆಯ ಶಾಕ್‌ಗೆ ಇಲ್ಲ, ಕಾರು ಮದುವೆ ಕುದುರೆಯ ಹಾಗೆ ಕುಣಿಯುತ್ತದೆ. ಕಾರು ಇಳಿದಷ್ಟೂ ಚಕ್ರ ಮೇಲೇಳಲು ಉಳಿಯುವ ಜಾಗ ಕಡಿಮೆ, ಬಂಪ್ ಸ್ಟಾಪ್‌ಗೆ ಬಡಿಯುವುದು ಬೇಗ. ರಬ್ಬರ್ ಬುಷ್‌ಗಳನ್ನೂ ಇದೇ ಸಲ ಬದಲಿಸಿ. ಎರಡು ಸಲ ಮಜೂರಿ ಯಾಕೆ?

6. ಇಳಿದರೆ ತಿರುವಿನಲ್ಲಿ ಹಿಡಿತ ಹೆಚ್ಚೇ ಹೆಚ್ಚು ಎಂದು ನಂಬಬೇಡಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರು ತೀರ ಇಳಿದರೆ ಅದು ಹೊರಳುವ ಕೇಂದ್ರ, ತೂಕದ ಕೇಂದ್ರಕ್ಕಿಂತ ಬೇಗ ಕೆಳಗೆ ಜಾರುತ್ತದೆ. ಆಗ ತಗ್ಗು ಕಾರೇ ಹೆಚ್ಚು ವಾಲಲು ಬಯಸುತ್ತದೆ. ಝೆನ್‌ನ ಹಿಂದಿನ ಆಕ್ಸಲ್‌ಗೆ ಅಡ್ಡ ರಾಡ್ ಇದೆ; ಎತ್ತರ ಬದಲಾದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಕಾರಿನ ಎತ್ತರ ನೋಡಿ ನಿರ್ಧರಿಸುವ ವಾಲ್ವ್ ಇರುತ್ತದೆ. ಇಳಿಸಿದ ಕಾರನ್ನು ಅದು ಭಾರ ತುಂಬಿದ ಕಾರೆಂದೇ ತಿಳಿದು ಹಿಂದಕ್ಕೆ ಹೆಚ್ಚು ಒತ್ತಡ ಕೊಡುತ್ತದೆ, ಮಳೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ವಾಲ್ವ್ ಸರಿಹೊಂದಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಆಮೇಲೆ ಬಿಲ್ ಕೊಡಿ.

7. ಕಾಗದ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. 15 ವರ್ಷ ದಾಟಿದ ಕೆಎ-26 ಗಾಡಿ ನೋಂದಣಿ ನವೀಕರಣಕ್ಕೆ ತಪಾಸಣೆಯ ಮುಂದೆ ನಿಲ್ಲಲೇಬೇಕು. ಗದಗಿನ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ದುಡ್ಡು ಸುರಿಯುವ ಮೊದಲೇ ವಿಚಾರಿಸಿ.

8. ಜೇಬಿನಲ್ಲಿ ಒಂದೇ ಕೆಲಸಕ್ಕಾಗುವಷ್ಟು ದುಡ್ಡಿದ್ದರೆ ಸ್ಪ್ರಿಂಗ್ ಬಿಡಿ. ಕಂಪನಿ ಎತ್ತರದಲ್ಲೇ ಹೊಸ ಶಾಕ್, ಹೊಸ ಬುಷ್, ಒಳ್ಳೆಯ ಟೈರ್ ಹಾಕಿಸಿ. ಗಜೇಂದ್ರಗಡದ ದಾರಿಯಲ್ಲಿ ಆ ಝೆನ್ ಇಳಿಸಿದ ಝೆನ್‌ಗಿಂತ ಮುಂದಿರುತ್ತದೆ.