ಗುಡ್ಡದ ಗಾಳಿ, ಕಂಪ್ಯೂಟರಿನ ಗಾಳಿ

ಗಾಳಿಯ ವೇಗವನ್ನು ಶೇಕಡಾ 10ರಷ್ಟು ಹೆಚ್ಚಾಗಿ ಅಂದಾಜು ಮಾಡಿದರೆ, ಅದರಲ್ಲಿದೆ ಎಂದುಕೊಂಡ ಶಕ್ತಿ ಶೇಕಡಾ 33ರಷ್ಟು ಹೆಚ್ಚಾಗಿಬಿಡುತ್ತದೆ. ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಟರ್ಬೈನು ತನ್ನ ಗರಿಷ್ಠ ಸಾಮರ್ಥ್ಯ ಮುಟ್ಟಿದ ಮೇಲೆ ಉತ್ಪಾದನೆ ಏರುವುದಿಲ್ಲವಾದ್ದರಿಂದ ವಿದ್ಯುತ್ತಿನಲ್ಲಿ ಬೀಳುವ ವ್ಯತ್ಯಾಸ ಅಷ್ಟಿರುವುದಿಲ್ಲ. ಆದರೂ ಸಾಲದ ಮೇಲೆ ನಿಂತ ಯೋಜನೆ ಅಲುಗಾಡುವುದಕ್ಕೆ ಅದು ಸಾಕು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಫ್ಯಾನುಗಳ ಹಿಂದೆ ಇಂಥ ಅಂದಾಜುಗಳಿವೆ. ಗುಡ್ಡದ ನಕ್ಷೆಯನ್ನು ಕಂಪ್ಯೂಟರಿಗೆ ಕೊಟ್ಟು ಅದರ ಮೇಲೆ ಗಾಳಿ ಹರಿಸಿ ನೋಡುವುದು, ಆ ಲೆಕ್ಕವನ್ನು ಮಾಸ್ಟಿನ, ಅಂದರೆ ಗಾಳಿ ಅಳೆಯಲು ನೆಟ್ಟ ಕಂಬದ, ಅಳತೆಗೆ ಹೊಂದಿಸುವುದು ನನ್ನ ಕಸುಬು.

ಹೊಂದಿಸಲು ಸುಲಭದ ದಾರಿಯೊಂದಿದೆ. ಕಂಪ್ಯೂಟರಿನ ಮಾಡೆಲ್ ಸೆಕೆಂಡಿಗೆ 7.6 ಮೀಟರ್ ಎನ್ನುತ್ತದೆ, ಮಾಸ್ಟ್ 7.0 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ಉತ್ತರಗಳನ್ನೂ 0.92ರಿಂದ ಗುಣಿಸಿದರೆ ಮಾಸ್ಟ್ ಇರುವ ಜಾಗದಲ್ಲಿ ಲೆಕ್ಕ ಕೂಡಿಕೊಳ್ಳುತ್ತದೆ, ವರದಿಯೂ ಚೆಂದ ಕಾಣುತ್ತದೆ. ಆದರೆ ಟರ್ಬೈನುಗಳು ನಿಲ್ಲುವುದು ಮಾಸ್ಟಿನ ಜಾಗದಲ್ಲಲ್ಲ. ಒಂದೆರಡು ಕಿಲೋಮೀಟರ್ ಆಚೆ, ಬೇರೊಂದು ಇಳಿಜಾರಿನ ನೆತ್ತಿಯಲ್ಲಿ. ಅಲ್ಲಿಗೆ ಆ 0.92 ಏಕೆ ಅನ್ವಯಿಸಬೇಕು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಆ ಗುಣಕವನ್ನು ಬಳಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಅಭಿಪ್ರಾಯ ಮೂಡಿದ್ದು ಗದಗ ಸೀಮೆಯ ಒಂದು ಗುಡ್ಡಸಾಲಿನಲ್ಲಿ. ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಸಾಲದು. ಮುಂಗಾರಿನಲ್ಲಿ ಪಡುವಣ ಗಾಳಿ ಅದಕ್ಕೆ ಅಡ್ಡವಾಗಿ ಬಂದು ನೆತ್ತಿಯ ಮೇಲೆ ವೇಗ ಪಡೆಯುತ್ತದೆ. ಸಾಲಿನ ಮೇಲೆ ಎರಡು ಮಾಸ್ಟುಗಳಿದ್ದವು. ಒಂದರ ಅಳತೆಯನ್ನು ಮಾತ್ರ ಮಾಡೆಲ್ಲಿಗೆ ಕೊಟ್ಟೆವು. ಇನ್ನೊಂದರ ಜಾಗದಲ್ಲಿ ಗಾಳಿ ಎಷ್ಟಿರಬೇಕೆಂದು ಲೆಕ್ಕ ಹಾಕಿಸಿ, ಆಮೇಲೆ ಅಲ್ಲಿನ ಅಳತೆ ತೆರೆದು ನೋಡಿದೆವು. ಎರಡೂ ಮಾಸ್ಟುಗಳಿಗೆ ಒಟ್ಟಿಗೇ ಹೊಂದಿಸಿ ಫಲಿತಾಂಶ ಚೆನ್ನಾಗಿದೆ ಎನ್ನುವುದು, ಪ್ರಶ್ನೆಪತ್ರಿಕೆಯನ್ನು ಮೊದಲೇ ಕೈಗಿಟ್ಟು ಪರೀಕ್ಷೆ ಮಾಡಿದ ಹಾಗೆ.

ವರ್ಷದ ಸರಾಸರಿ ಹೆಚ್ಚುಕಡಿಮೆ ಸರಿಹೋಯಿತು. ದಿಕ್ಕು, ತಿಂಗಳು, ಗಂಟೆಯ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರವೇ ಬೇರೆ. ಮುಂಗಾರಿನ ಪಡುವಣ ಗಾಳಿಯನ್ನು ಮಾಡೆಲ್ ಚೆನ್ನಾಗಿ ಹಿಡಿದಿತ್ತು. ಹಿಂಗಾರಿನ ಮೂಡಗಾಳಿಯಲ್ಲಿ, ಅದರಲ್ಲೂ ರಾತ್ರಿಯ ಹೊತ್ತು, ಎಡವಿತ್ತು. ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯನ್ನು ಮುಚ್ಚಿಹಾಕಿದ್ದರಿಂದ ಸರಾಸರಿ ಸರಿ ಕಂಡಿತ್ತು.

ಮಾಡೆಲ್ ಮುಟ್ಟುವ ಮೊದಲು ನಾವು ಅಳತೆಯನ್ನೇ ಪರೀಕ್ಷಿಸಿದೆವು. ಒಂದೇ ಎತ್ತರದಲ್ಲಿ ಮಾಸ್ಟಿನ ಎರಡು ಪಕ್ಕಕ್ಕೆ ಚಾಚಿದ ತೋಳುಗಳ ಮೇಲೆ ವೇಗ ಅಳೆಯುವ ಎರಡು ಅನಿಮೋಮೀಟರುಗಳಿರುತ್ತವೆ. ಗಾಳಿ ಕಂಬವನ್ನು ದಾಟಿ ಬರುವಾಗ ಅದರ ಮರೆಯಲ್ಲಿರುವ ಅನಿಮೋಮೀಟರು ಕಡಿಮೆ ವೇಗ ತೋರಿಸುತ್ತದೆ. ಎರಡರ ಅನುಪಾತವನ್ನು ದಿಕ್ಕಿಗೆ ತಕ್ಕಂತೆ ಗ್ರಾಫಿನಲ್ಲಿ ಬರೆದರೆ ಆ ದಿಕ್ಕಿನಲ್ಲಿ ಒಂದು ತಗ್ಗು ಬೀಳುತ್ತದೆ. ತೋಳು ಯಾವ ದಿಕ್ಕಿಗಿದೆ ಎಂಬುದು ಗೊತ್ತಿದ್ದರೆ ತಗ್ಗು ಎಲ್ಲಿ ಬೀಳಬೇಕೆಂಬುದೂ ಗೊತ್ತು. ಒಂದು ಮಾಸ್ಟಿನಲ್ಲಿ ತಗ್ಗು ಪಕ್ಕಕ್ಕೆ ಸರಿದಿತ್ತು. ಅಂದರೆ ದಿಕ್ಕು ತೋರುವ ವೇನಿನ ಉತ್ತರ ಗುರುತು ನಿಜವಾದ ಉತ್ತರಕ್ಕೆ ಇರಲಿಲ್ಲ. ಕಡಿದಾದ ಗುಡ್ಡದಲ್ಲಿ ದಿಕ್ಕು ಸ್ವಲ್ಪ ತಪ್ಪಿದರೂ ಮಾಡೆಲ್ ಗಾಳಿಯನ್ನು ಬೇರೆಯೇ ಇಳಿಜಾರಿನಲ್ಲಿ ಹತ್ತಿಸುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳುವುದಕ್ಕಿಂತ ಈ ಒಂದು ಗ್ರಾಫಿನಿಂದ ಸಿಕ್ಕ ಲಾಭ ದೊಡ್ಡದು.

ಉಳಿದ ತಪ್ಪಿಗೆ ಸುತ್ತಲಿನ ಎರೆಭೂಮಿಯಲ್ಲಿ ಕಾರಣ ಸಿಕ್ಕಿತು. ನೆಲ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮಾಡೆಲ್ಲಿಗೆ ಮೀಟರಿನ ಲೆಕ್ಕದಲ್ಲಿ ಕೊಡಬೇಕಾಗುತ್ತದೆ: ನಿಂತ ನೀರಿಗೆ 0.0002, ಹುಲ್ಲುಗಾವಲಿಗೆ ಸುಮಾರು 0.03, ದಟ್ಟ ಕಾಡಿಗೆ 1ರ ಆಸುಪಾಸು. ಸಾಮಾನ್ಯವಾಗಿ ಇಡೀ ವರ್ಷಕ್ಕೆ ಒಂದೇ ಸಂಖ್ಯೆ ಇಡುತ್ತಾರೆ. ಆದರೆ ಮುಂಗಾರಿನ ಗಾಳಿ ಜೋರಾಗಿರುವಾಗ ಆ ಹೊಲಗಳಲ್ಲಿರುವುದು ಬರೀ ಹರಗಿದ ಮಣ್ಣು, ಇಲ್ಲವೆ ಮೊಣಕಾಲೆತ್ತರವೂ ಇಲ್ಲದ ಹೆಸರು ಬೆಳೆ. ಮೂಡಗಾಳಿ ಬೀಸುವ ಡಿಸೆಂಬರಿನಲ್ಲಿ ಅಲ್ಲೇ ಆಳೆತ್ತರದ ಬಿಳಿಜೋಳ ನಿಂತಿರುತ್ತದೆ. ಗಾಳಿಯ ಮಟ್ಟಿಗೆ ಅವು ಎರಡು ಬೇರೆ ಬೇರೆ ನೆಲಗಳು. ಹೀಗಾಗಿ ಹಿಂಗಾರಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟೆವು. ರಾತ್ರಿಯದ್ದು ಇನ್ನೊಂದು ಕಥೆ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ತಣ್ಣನೆಯ ಭಾರವಾದ ಗಾಳಿ ಕೆಳಗೆ ಪದರವಾಗಿ ಕೂರುತ್ತದೆ. ಅದು ಗುಡ್ಡ ಹತ್ತುವ ಬದಲು ಪಕ್ಕದಿಂದ ಸುತ್ತಿಕೊಂಡು ಹೋಗಲು ನೋಡುತ್ತದೆ. ಗಾಳಿಯ ಪದರಗಳ ಈ ಉಷ್ಣತೆಯ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಓಡಿಸಿದ ಮಾಡೆಲ್ಲಿಗೆ ಇದು ತಿಳಿಯುವುದಿಲ್ಲ. ಎರಡು ಎತ್ತರಗಳಲ್ಲಿ ಉಷ್ಣತೆ ಅಳೆದಿದ್ದರೆ ಮಾತ್ರ ಇದನ್ನು ನಂಬಿಕೆಯಿಂದ ತಿದ್ದಬಹುದು.

ನಕ್ಷೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಎತ್ತರದ ನಕ್ಷೆ 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದದ್ದು, ಸುಮಾರು 30 ಮೀಟರಿನ ಚೌಕಗಳದ್ದು. ಬಂಡೆಯ ಕಡಿದಾದ ಅಂಚನ್ನು ಅದು ನುಣುಪಾದ ಇಳಿಜಾರಾಗಿ ತೋರಿಸುತ್ತದೆ, ಕಾಡಿದ್ದಲ್ಲಿ ನೆಲದ ಬದಲು ಮರದ ತಲೆಯ ಹತ್ತಿರದ ಎತ್ತರವನ್ನು ದಾಖಲಿಸುತ್ತದೆ. ಅಂಚಿನಲ್ಲಿ ಟರ್ಬೈನು ಬರುವುದಾದರೆ ನೆಲದ ಸರ್ವೇ ಮಾಡಿಸಲೇಬೇಕು.

ಈ ಪಾಠಗಳು ಜಗತ್ತಿಗೆ ಹೊಸವಲ್ಲ. 1982 ಮತ್ತು 1983ರಲ್ಲಿ ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ವೇನ್ ಎಂಬ ಗುಡ್ಡದ ಮೇಲೆ ಐವತ್ತಕ್ಕೂ ಹೆಚ್ಚು ಕಂಬಗಳನ್ನು ನೆಟ್ಟು ಗಾಳಿ ಅಳೆದರು. ಸುತ್ತಲಿನ ನೆಲದಿಂದ 116 ಮೀಟರಷ್ಟೇ ಎತ್ತರವಿರುವ ಆ ಗುಡ್ಡದ ನೆತ್ತಿಯಲ್ಲಿ, ನೆಲದಿಂದ 10 ಮೀಟರ್ ಮೇಲೆ, ಗಾಳಿ ಬಯಲಿನದಕ್ಕಿಂತ ಸುಮಾರು 1.8 ಪಟ್ಟು ಜೋರಾಗಿತ್ತು. ಗಾಳಿ ಏರುವ ಬದಿಯನ್ನು ಮಾಡೆಲ್ಲುಗಳು ಚೆನ್ನಾಗಿ ಹೇಳಿದವು, ಇಳಿಯುವ ಬದಿಯಲ್ಲಿ ತಿಣುಕಿದವು. ಆಮೇಲೆ 2007-08ರ ಚಳಿಗಾಲದಲ್ಲಿ ಡೆನ್ಮಾರ್ಕಿನ ರಾಸ್ಕಿಲ್ಡ ಖಾರಿಯಲ್ಲಿರುವ ಬೋಲುಂಡ್ ದಿಬ್ಬದ ಸರದಿ. ಎತ್ತರ ಕೇವಲ 12 ಮೀಟರ್, ಆದರೆ ಒಂದು ಬದಿ ಗೋಡೆಯಂತೆ ಕಡಿದು. ಅಳತೆ ತೋರಿಸದೆ ಬೇರೆ ಬೇರೆ ತಂಡಗಳಿಂದ ಲೆಕ್ಕ ತರಿಸಿಕೊಂಡರು. ಐವತ್ತಕ್ಕೂ ಹೆಚ್ಚು ಉತ್ತರಗಳು ಬಂದವು. ಸರಳ ರೇಖೀಯ ಮಾಡೆಲ್ಲುಗಳು ಹಿಂದೆ ಬಿದ್ದವು, ಪ್ರಕ್ಷುಬ್ಧತೆಯನ್ನು ಎರಡು ಸಮೀಕರಣಗಳಲ್ಲಿ ಹಿಡಿಯುವ ಮಾಡೆಲ್ಲುಗಳು ಮುಂದೆ ಬಂದವು. ಒಂದೇ ಬಗೆಯ ಸಮೀಕರಣ ಬಳಸಿದವರ ಉತ್ತರಗಳೂ ಒಂದೇ ಆಗಿರಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಲೆಕ್ಕಕ್ಕಾಗಿ ಜಾಗವನ್ನು ಎಷ್ಟು ಸಣ್ಣ ಚೌಕಗಳಾಗಿ ಕತ್ತರಿಸಿದರು, ಆ ಜಾಗದ ಅಂಚಿನಲ್ಲಿ ಯಾವ ಗಾಳಿ ಕೊಟ್ಟರು ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ.

ಕರ್ನಾಟಕಕ್ಕೂ ಗಾಳಿ ಅಳೆಯುವ ಕೆಲಸದಲ್ಲಿ ಹಳೆಯ ನಂಟಿದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಅಣ್ಣಾ ಮಣಿ, ಹವಾಮಾನ ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ಕುಳಿತು ದೇಶದ ಗಾಳಿ ಸಮೀಕ್ಷೆಯನ್ನು ನಡೆಸಿ ಅದರ ಅಳತೆಗಳನ್ನು ಸಂಪುಟಗಳಾಗಿ ಪ್ರಕಟಿಸಿದರು. ಯಾರು ಬೇಕಾದರೂ ತೆರೆದು ನೋಡಬಹುದಾದ ಸಂಖ್ಯೆಗಳವು. ಇಂದು ಗುಡ್ಡಗಳ ಮೇಲಿನ ಖಾಸಗಿ ಮಾಸ್ಟುಗಳ ಅಳತೆ ಬಹುಪಾಲು ಕಂಪನಿಗಳ ಕಡತದಲ್ಲೇ ಉಳಿಯುತ್ತದೆ. ಯೋಜನೆ ಒಪ್ಪಿಗೆಯಾದ ಕೂಡಲೇ ಮಾಸ್ಟನ್ನು ಕಳಚಿಹಾಕುವುದೂ ಉಂಟು.

ಗಾಳಿ ಯೋಜನೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು: ಟರ್ಬೈನುಗಳು ಬಂದ ಮೇಲೂ ಒಂದು ಮಾಸ್ಟನ್ನು ಅವುಗಳ ನೆರಳಿನಿಂದ ದೂರ, ಸುಸ್ಥಿತಿಯಲ್ಲಿ ಉಳಿಸಿಕೊಳ್ಳಿ. ಕೆಲವು ವರ್ಷಗಳ ನಂತರವಾದರೂ ಅದರ ಹತ್ತು ನಿಮಿಷದ ಸರಾಸರಿಗಳನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊಡಿ. ವಿದ್ಯಾರ್ಥಿಗಳು ಆಸ್ಕರ್ವೇನಿನ ಜೊತೆಗೆ ಗದಗದ ಗುಡ್ಡದ ಮೇಲೂ ತಮ್ಮ ಮಾಡೆಲ್ಲುಗಳನ್ನು ಪರೀಕ್ಷಿಸುವಂತಾಗಲಿ.